ನಿಕಲ್ ರೋಲ್ ಹುಡುಕಾಟ: ಬ್ಯಾಂಕಿನ ಬಾಕ್ಸ್, ಕೈಸುತ್ತಿನ ರೋಲ್, ಬಿಡಿ ಚಿಲ್ಲರೆ

ಅಮೆರಿಕದಲ್ಲಿ ಬರೀ ಮುಖಬೆಲೆ ಕೊಟ್ಟು ಹಳೆಯ ನಾಣ್ಯ ಹುಡುಕುವವರಿಗೆ ಇವತ್ತಿಗೂ ಐದು ಸೆಂಟಿನ ನಿಕಲ್‌ನಷ್ಟು ಫಲವತ್ತಾದ ನಾಣ್ಯ ಇನ್ನೊಂದಿಲ್ಲ. ಕಾರಣ ಲೋಹದಲ್ಲಿದೆ. ಡೈಮ್ (ಹತ್ತು ಸೆಂಟ್) ಮತ್ತು ಕ್ವಾರ್ಟರ್‌ಗಳಲ್ಲಿ (ಇಪ್ಪತ್ತೈದು ಸೆಂಟ್) 1964ರವರೆಗೆ ಶೇ 90ರಷ್ಟು ಬೆಳ್ಳಿ ಇತ್ತು. 1965ರಲ್ಲಿ ಬೆಳ್ಳಿ ಇಲ್ಲದ ನಾಣ್ಯ ಬಂದದ್ದೇ ತಡ, ಜನ ಹಳೆಯದನ್ನೆಲ್ಲ ಹೆಕ್ಕಿ ಮನೆಯಲ್ಲಿಟ್ಟುಕೊಂಡರು. ನಿಕಲ್‌ನ ಮಿಶ್ರಣ ಮಾತ್ರ 1866ರಿಂದ ಒಂದೇ: ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್. ನಡುವೆ ಎರಡನೇ ಮಹಾಯುದ್ಧದ ಕೆಲವು ವರ್ಷಗಳಷ್ಟೇ ಹೊರತು, ಆಗ ಬೆಳ್ಳಿ ಬೆರೆಸಿದ್ದರು. ಎತ್ತಿಡಲು ಯಾರಿಗೂ ಕಾರಣವಿಲ್ಲದ್ದರಿಂದ 1938ರಲ್ಲಿ ಶುರುವಾದ, ಅಮೆರಿಕದ ಹಿಂದಿನ ಅಧ್ಯಕ್ಷ ಜೆಫರ್ಸನ್‌ನ ಮುಖವಿರುವ ಜೆಫರ್ಸನ್ ನಿಕಲ್‌ನ ಮೊದಮೊದಲ ವರ್ಷದವೂ ಅಂಗಡಿ ಗಲ್ಲಾ ಮತ್ತು ಬ್ಯಾಂಕಿನ ನಡುವೆ ಇನ್ನೂ ಓಡಾಡುತ್ತಿವೆ.

ಹುಡುಕುವ ನಾಣ್ಯ ಒಂದೇ ಆದರೂ ಅದನ್ನು ತರುವ ದಾರಿ ನಾಲ್ಕು: ಬ್ಯಾಂಕಿಗೆ ಹೇಳಿ ತರಿಸುವ ಮೊಹರಿನ ಬಾಕ್ಸ್, ಗ್ರಾಹಕರು ಮನೆಯಲ್ಲಿ ಕಾಗದದಲ್ಲಿ ಸುತ್ತಿ ತಂದುಕೊಟ್ಟ ರೋಲ್, ಕೌಂಟರಿನ ಬಿಡಿ ಚಿಲ್ಲರೆ, ಮತ್ತು ಆನ್‌ಲೈನಿನಲ್ಲಿ ಹೆಚ್ಚಿನ ಬೆಲೆಗೆ ಮಾರುವ "ಯಾರೂ ಹುಡುಕದ" ರೋಲ್. ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ. ನಾಣ್ಯ ನಾಣ್ಯಕ್ಕೆ ಲೆಕ್ಕ ಹಾಕಿದರೆ ಕೈಸುತ್ತಿನ ರೋಲ್ ಎಲ್ಲವನ್ನೂ ಮೀರಿಸುತ್ತದೆ. ಆದರೆ ಅದು ಬೇಕೆಂದಾಗ ಸಿಗುವುದಿಲ್ಲ. ವರ್ಷವಾರು ಗುಂಡಿಗಳಿರುವ ಆಲ್ಬಂ ತುಂಬಿಸುವ ಕೆಲಸಕ್ಕೆ ಬಾಕ್ಸೇ ಆಗಬೇಕು. ನಾಲ್ಕನೆಯ ದಾರಿಯ ಕಡೆ ತಲೆ ಹಾಕಲೇಬೇಡಿ.

ಮೊದಲು ಅಳತೆಗಳು. ಒಂದು ರೋಲ್ ಎಂದರೆ 40 ನಿಕಲ್, 2 ಡಾಲರ್. ಒಂದು ಬಾಕ್ಸ್ ಎಂದರೆ 50 ರೋಲ್, 2000 ನಾಣ್ಯ, 100 ಡಾಲರ್. ಒಂದು ನಾಣ್ಯ ಸರಿಯಾಗಿ 5 ಗ್ರಾಂ, ಅಂದರೆ ಬಾಕ್ಸಿನ ತೂಕ 10 ಕಿಲೋ. ಕೈಚೀಲದಲ್ಲಿ ತೂಗಿಸಿಕೊಂಡು ಬಂದರೆ ಚೀಲದ ಹಿಡಿ ಕಿತ್ತುಬರುತ್ತದೆ. ಗಟ್ಟಿ ಬೆನ್ನುಚೀಲ ಒಯ್ಯಿರಿ.

ಮೊಹರಿನ ಬಾಕ್ಸ್

ಖಾತೆ ಇರುವ ಶಾಖೆಯಲ್ಲಿ ಕೇಳಿದರೆ ವಾರದ ನಗದು ಆರ್ಡರಿನ ಜೊತೆ ತರಿಸಿಕೊಡುತ್ತಾರೆ. ಕೆಲವು ಬ್ಯಾಂಕುಗಳು ಇದಕ್ಕೆ ಶುಲ್ಕ ಹಾಕುತ್ತವೆ, ಕೆಲವು ವ್ಯಾಪಾರಿ ಖಾತೆ ಇದ್ದವರಿಗೆ ಮಾತ್ರ ಕೊಡುತ್ತವೆ. ಆರ್ಡರ್ ಕೊಡುವ ಮೊದಲೇ ಶುಲ್ಕ ಕೇಳಿಕೊಳ್ಳಿ. 100 ಡಾಲರಿನ ಬಾಕ್ಸಿಗೆ 5 ಡಾಲರ್ ಶುಲ್ಕ ಕೊಟ್ಟರೆ, ಸಿಗುವ ಬೆಳ್ಳಿಯ ಬೆಲೆ ಅಲ್ಲಿಗೇ ಹೋಯಿತು. ನಿಕಲ್ ಹುಡುಕಾಟದಲ್ಲಿ ಲಾಭದ ಅಂಚು ಅಷ್ಟು ತೆಳು.

ಬಾಕ್ಸಿನೊಳಗಿನ ರೋಲ್‌ಗಳು ಬ್ರಿಂಕ್ಸ್, ಲೂಮಿಸ್‌ನಂಥ ನಗದು ಸಾಗಣೆ ಕಂಪನಿಗಳ ಉಗ್ರಾಣದಲ್ಲಿ ಯಂತ್ರ ಸುತ್ತಿದವು. ಅಂಗಡಿಗಳಿಂದ, ಬ್ಯಾಂಕುಗಳಿಂದ, ಚಿಲ್ಲರೆ ಎಣಿಸುವ ಯಂತ್ರಗಳಿಂದ ಬಂದ ನಾಣ್ಯವೆಲ್ಲ ಅಲ್ಲಿ ಒಂದೇ ರಾಶಿಗೆ ಬಿದ್ದು ಬೆರೆಯುತ್ತದೆ. ಹಾಗಾಗಿ ಒಂದು ಬಾಕ್ಸ್ ಎಂದರೆ ಆ ಪ್ರದೇಶದ ಚಲಾವಣೆಯ ಸರಾಸರಿ. ಒಂದೇ ರೋಲಿನಲ್ಲಿ ಐದು ಬೆಳ್ಳಿ ನಾಣ್ಯ ಸಿಗುವಂಥ ಹಬ್ಬ ಇಲ್ಲಿ ತೀರ ಅಪರೂಪ. ಬದಲಿಗೆ ಪ್ರತಿ ಬಾಕ್ಸಿನಲ್ಲೂ 1940 ಮತ್ತು 1950ರ ದಶಕದ ಒಂದಿಷ್ಟು ನಾಣ್ಯ ಬಂದೇ ಬರುತ್ತವೆ. ಯುದ್ಧಕಾಲದ ಬೆಳ್ಳಿ ನಿಕಲ್ ಒಂದೆರಡು ಬರಬಹುದು, ಒಂದೂ ಬರದಿರಬಹುದು. ಜೆಫರ್ಸನ್‌ಗೂ ಮುಂಚಿನ, ಬೆನ್ನಿನ ಮೇಲೆ ಕಾಡೆಮ್ಮೆ ಇರುವ ಬಫಲೋ ನಿಕಲ್ ಅದಕ್ಕಿಂತ ಅಪರೂಪ. 1938ರಿಂದ ಮುಂದಿನ ಆಲ್ಬಮ್ಮಿನ ಖಾಲಿ ಗುಂಡಿಗಳನ್ನು ತುಂಬುವವರಿಗೆ ಈ ನಿಧಾನದ, ಖಚಿತವಾದ ಫಸಲೇ ಬೇಕಾದದ್ದು.

ಬಾಕ್ಸ್ ಕೈಕೊಡುವುದು ಎರಡು ರೀತಿಯಲ್ಲಿ. ಒಂದು, ಪೂರ್ತಿ ಹೊಸ ನಾಣ್ಯದ ಬಾಕ್ಸ್. ರೋಲಿನ ತುದಿಯಲ್ಲಿ ಕಾಣುವ ನಾಣ್ಯಗಳೆಲ್ಲ ಹೊಳೆಯುತ್ತ ಒಂದೇ ವರ್ಷದವಾಗಿದ್ದರೆ ಟಂಕಸಾಲೆಯಿಂದ ನೇರ ಬಂದದ್ದೆಂದು ಅರ್ಥ. ನಾಲ್ಕಾರು ರೋಲ್ ಒಡೆದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ಒಡೆಯದೆ ವಾಪಸು ಕೊಡಿ. ಇನ್ನೊಂದು, ಬೇರೆ ಹುಡುಕಾಟಗಾರರು ಆಗಲೇ ಜಾಲಾಡಿ ಬ್ಯಾಂಕಿಗೆ ಹಿಂದಿರುಗಿಸಿದ ನಾಣ್ಯ. ಎಲ್ಲ ದಶಕದ ನಾಣ್ಯ ಇದ್ದು 1960ಕ್ಕಿಂತ ಹಿಂದಿನದು ಮಾತ್ರ ಒಂದೂ ಇಲ್ಲವೆಂದರೆ ಸಂಶಯ ಪಡಬೇಕು. ಒಂದೇ ಬಾಕ್ಸ್ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಶಾಖೆಯಿಂದ ಸತತವಾಗಿ ಹೀಗೇ ಬಂದರೆ ಶಾಖೆ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ಉಗ್ರಾಣ ಅದೇ ಇರುತ್ತದೆ. ಬೇರೆ ಸಾಗಣೆ ಕಂಪನಿಯಿಂದ ತರಿಸುವ ಬೇರೆ ಬ್ಯಾಂಕನ್ನೇ ಹಿಡಿಯಬೇಕು. ಬಾಕ್ಸಿನ ಮೇಲಿನ ಚೀಟಿ ಅಥವಾ ಸುತ್ತು ಕಾಗದದ ಅಚ್ಚು ನೋಡಿದರೆ ಯಾವ ಕಂಪನಿಯದೆಂದು ಗೊತ್ತಾಗುತ್ತದೆ.

ಕೈಸುತ್ತಿನ ರೋಲ್

ಕೌಂಟರಿನಲ್ಲಿ "ಗ್ರಾಹಕರು ಸುತ್ತಿ ತಂದ ನಿಕಲ್ ರೋಲ್ ಇದೆಯೇ" ಎಂದು ಕೇಳಿ. ಹೆಚ್ಚಿನ ಸಲ ಇಲ್ಲವೆನ್ನುತ್ತಾರೆ. ಇದ್ದರೆ ಎರಡೋ ನಾಲ್ಕೋ ರೋಲ್ ಇರುತ್ತವೆ, ಕೆಲವೊಮ್ಮೆ ಒಂದು ಇಡೀ ಡಬ್ಬಿ. ಎಷ್ಟಿದ್ದರೂ ಎಲ್ಲವನ್ನೂ ತೆಗೆದುಕೊಳ್ಳಿ.

ಇವು ಯಾಕೆ ಬೇರೆ? ಉಗ್ರಾಣದ ರಾಶಿಯಲ್ಲಿ ಬೆರೆಯದೆ ಬಂದ ನಾಣ್ಯ ಇದು. ಯಾರದೋ ಅಜ್ಜನ ಗಾಜಿನ ಭರಣಿ, ಹಳೆಯ ಮನೆ ಖಾಲಿ ಮಾಡಿದಾಗ ಸಿಕ್ಕ ಡಬ್ಬಿ, ಬೆಲೆ ತಿಳಿಯದೆ ಬ್ಯಾಂಕಿಗೆ ತಂದ ಸಂಗ್ರಹ, ಎಲ್ಲವೂ ಈ ರೂಪದಲ್ಲೇ ಕೌಂಟರಿಗೆ ಬರುತ್ತವೆ. 1962ರಲ್ಲಿ ಮುಚ್ಚಿಟ್ಟ ಭರಣಿಯಾದರೆ ಒಳಗೆ 1962ರ ನಂತರದ ನಾಣ್ಯ ಒಂದೂ ಇರುವುದಿಲ್ಲ. ಅಂಥ ಒಂದು ರೋಲ್ ಹತ್ತು ಬಾಕ್ಸಿನ ಬೆಳ್ಳಿಯನ್ನು ಒಟ್ಟಿಗೇ ಕೊಡಬಲ್ಲದು. ಇನ್ನೊಂದು ಕಡೆ, ಮೊನ್ನೆ ಮೊನ್ನೆ ಹುಂಡಿ ಒಡೆದು ಸುತ್ತಿದ ರೋಲಿನಲ್ಲಿ 2010ರ ಈಚಿನದೇ ತುಂಬಿರುತ್ತದೆ. ಏರಿಳಿತ ಬಹಳ, ಹಾಗಿದ್ದರೂ ಸರಾಸರಿ ತೆಗೆದರೆ ಬಾಕ್ಸಿಗಿಂತ ಸ್ಪಷ್ಟವಾಗಿ ಮೇಲು.

ಒಡೆಯುವ ಮೊದಲೇ ಕೆಲವು ಸುಳಿವು ಸಿಗುತ್ತವೆ. ನಿಕಲ್‌ನ ಕಾಗದಕ್ಕೆ ನೀಲಿ ಬಣ್ಣ ವಾಡಿಕೆ. ಆ ನೀಲಿ ಮಾಸಿ ಬೂದಿಯಾಗಿದ್ದರೆ, ಕಾಗದದ ಮೇಲೆ ಈಗಿಲ್ಲದ ಬ್ಯಾಂಕಿನ ಹೆಸರಿದ್ದರೆ, ಶಾಯಿಯಲ್ಲಿ ಖಾತೆ ಸಂಖ್ಯೆ ಬರೆದಿದ್ದರೆ ರೋಲ್ ಹಳೆಯದು. ಪೊರಕೆ ಕಡ್ಡಿಯಂತೆ ಒಣಗಿ ಮುರಿಯುವ ಕಾಗದ ಅದಕ್ಕಿಂತ ಒಳ್ಳೆಯ ಸೂಚನೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಾದರೆ ಅಂಚುಗಳ ಬಣ್ಣವನ್ನೇ ನೋಡಬಹುದು.

ತೊಂದರೆ ಎಣಿಕೆಯದು. ಯಂತ್ರದ ರೋಲಿನಲ್ಲಿ 40 ಎಂದರೆ ಸಾಮಾನ್ಯವಾಗಿ 40. ಕೈಸುತ್ತಿನಲ್ಲಿ 39 ಇರಬಹುದು, ನಡುವೆ ಕೆನಡಾ ನಾಣ್ಯವೋ ಆಟದ ಬಿಲ್ಲೆಯೋ ಸೇರಿರಬಹುದು. ಮನೆಗೆ ಬಂದಮೇಲೆ ಕಡಿಮೆ ಬಿತ್ತೆಂದರೆ ಬ್ಯಾಂಕ್ ಒಪ್ಪುವುದಿಲ್ಲ. ಒಡೆಯುವ ಮುಂಚೆ ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಸಾಕು: 200 ಗ್ರಾಂ, ಜೊತೆಗೆ ಕಾಗದದ ಅಲ್ಪ ತೂಕ. 196ರ ಆಸುಪಾಸು ಬಂದರೆ ಒಂದು ನಾಣ್ಯ ಕಡಿಮೆ. 200ಕ್ಕಿಂತ ಅರ್ಧ ಒಂದು ಗ್ರಾಂ ಇಳಿದಿದ್ದರೆ ಒಳಗೆ ಕೆನಡಾದ್ದು ಇರುವ ಸಂಭವ ಹೆಚ್ಚು. ಕೆನಡಾದ ಐದು ಸೆಂಟಿನ ವ್ಯಾಸ ಹೆಚ್ಚುಕಡಿಮೆ ಅಮೆರಿಕದ ನಿಕಲ್‌ನಷ್ಟೇ, ತೂಕ ಮಾತ್ರ ಕಡಿಮೆ: 1955ರಿಂದ 1981ರವರೆಗಿನವು 4.54 ಗ್ರಾಂ, 2000ದ ಈಚಿನ ಉಕ್ಕಿನವು 3.95 ಗ್ರಾಂ. ಈ ಎರಡೂ ಬಗೆಯವು ಅಯಸ್ಕಾಂತಕ್ಕೆ ಅಂಟುತ್ತವೆ. ಹೆಸರಿಗೆ ನಿಕಲ್ ಆದರೂ ಮುಕ್ಕಾಲು ತಾಮ್ರವಿರುವ ಅಮೆರಿಕದ್ದು ಅಂಟುವುದಿಲ್ಲ.

ಬಿಡಿ ಚಿಲ್ಲರೆ

ಟೆಲ್ಲರ್‌ನ ತಟ್ಟೆಯಲ್ಲಿರುವ ಬಿಡಿ ನಿಕಲ್ ಕೊಡುತ್ತೀರಾ ಎಂದು ಕೇಳಬಹುದು. ಸಿಗುವುದು ಹತ್ತಿಪ್ಪತ್ತು ನಾಣ್ಯ, ಐದು ನಿಮಿಷದ ಕೆಲಸ. ಇದನ್ನೊಂದು ಹುಡುಕಾಟ ಎನ್ನಲಾಗದು, ಆದರೆ ಬೇರೆ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಕೇಳುವುದಕ್ಕೆ ಖರ್ಚಿಲ್ಲ. ಚಿಲ್ಲರೆ ಎಣಿಸುವ ಯಂತ್ರದ ಕೆಳಗಿನ ಬಟ್ಟಲನ್ನೂ ನೋಡಿ. ಯಂತ್ರ ಒಪ್ಪದ ವಿದೇಶಿ ನಾಣ್ಯ, ಬೆಳ್ಳಿಯ ಡೈಮ್‌ಗಳನ್ನು ಜನ ಅಲ್ಲೇ ಬಿಟ್ಟುಹೋಗಿರುತ್ತಾರೆ. ಯುದ್ಧಕಾಲದ ಬೆಳ್ಳಿ ನಿಕಲ್ ಅಲ್ಲಿ ಸಿಗುವ ನಿರೀಕ್ಷೆ ಬೇಡ. ಮಾರಾಟಯಂತ್ರಗಳು ತಿರಸ್ಕರಿಸಬಾರದೆಂದೇ ಆ ಮಿಶ್ರಲೋಹಕ್ಕೆ ಮ್ಯಾಂಗನೀಸ್ ಸೇರಿಸಿದ್ದರು. ತೂಕವೂ ಅದೇ 5 ಗ್ರಾಂ.

"ಯಾರೂ ಹುಡುಕದ" ರೋಲ್

ಆನ್‌ಲೈನ್ ಹರಾಜಿನಲ್ಲಿ ಹಳೆಯ ಕಾಗದದ ರೋಲ್ ಒಂದರ ಚಿತ್ರ. ಒಂದು ತುದಿಯಲ್ಲಿ ಬಫಲೋ ನಿಕಲ್, ಇನ್ನೊಂದು ತುದಿಯಲ್ಲಿ 1912ಕ್ಕಿಂತ ಹಿಂದಿನ ಲಿಬರ್ಟಿ ನಿಕಲ್. "ಒಡೆದೇ ಇಲ್ಲ" ಎಂಬ ಬರಹ. ಬೆಲೆ 2 ಡಾಲರಿನ ಹಲವು ಪಟ್ಟು.

ಇದನ್ನು ನಂಬಬಾರದು. ಎರಡೂ ತುದಿಯಲ್ಲಿ ಸರಿಯಾಗಿ ಆಸೆ ಹುಟ್ಟಿಸುವ ನಾಣ್ಯವೇ ಬರುವುದು ಆಕಸ್ಮಿಕವಲ್ಲ, ಜೋಡಿಸಿದ್ದು. ತುದಿ ಒತ್ತಿ ಮಡಚುವ ಸಣ್ಣ ಯಂತ್ರಗಳು ಮತ್ತು ಹಳೆಯ ಬ್ಯಾಂಕಿನ ಹೆಸರಿರುವ ಖಾಲಿ ಕಾಗದಗಳು ಬೇಕಾದವರಿಗೆ ಸಿಗುತ್ತವೆ. ಒಳಗಿರುವುದು ಸಾಮಾನ್ಯವಾಗಿ ವರ್ಷ ಅಳಿಸಿದ ಬಫಲೋ ಅಥವಾ ತೀರ ಸಾಮಾನ್ಯ ಜೆಫರ್ಸನ್. ಆ ಹಣದಲ್ಲಿ ನಾಣ್ಯದ ಅಂಗಡಿಗೆ ಹೋಗಿ, ವರ್ಷ ಓದಬಲ್ಲ ಬಫಲೋಗಳನ್ನು ಕೈಯಲ್ಲಿ ಹಿಡಿದು ನೋಡಿ ಆರಿಸಿಕೊಳ್ಳುವುದು ಎಷ್ಟೋ ಮೇಲು. ಮುಖಬೆಲೆಗೆ ತಂದ ರೋಲಿನಲ್ಲಿ ಏನೂ ಸಿಗದಿದ್ದರೆ ಹಣ ಪೂರ್ತಿ ವಾಪಸು ಬರುತ್ತದೆ. ಈ ಹವ್ಯಾಸ ನಿಂತಿರುವುದೇ ಅದರ ಮೇಲೆ, ಅದನ್ನು ಬಿಟ್ಟುಕೊಡಬೇಡಿ.

ಮುಖ ಮೊದಲೋ, ಬೆನ್ನು ಮೊದಲೋ

ನಾಣ್ಯ ತಂದದ್ದಾಯಿತು, ಇನ್ನು ನೋಡುವ ಕ್ರಮ. ಡೈಮ್, ಕ್ವಾರ್ಟರ್ ಹುಡುಕುವವರು ರೋಲ್ ಒಡೆದು ಅಂಚು ನೋಡಿಯೇ ಬೆಳ್ಳಿ ಹಿಡಿಯುತ್ತಾರೆ, ಏಕೆಂದರೆ ಬೆಳ್ಳಿ ಇಲ್ಲದ ನಾಣ್ಯದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ. ನಿಕಲ್‌ಗೆ ಆ ಉಪಾಯ ನಡೆಯದು. ಅದು ಒಳಗೂ ಹೊರಗೂ ಒಂದೇ ಲೋಹ, ಅಂಚಿನಲ್ಲಿ ಗೆರೆಯೇ ಇಲ್ಲ. ಬೆಳ್ಳಿ ನಿಕಲ್‌ನ ಅಂಚು ಕೊಂಚ ಕಪ್ಪಗೆ ಕಾಣುವುದುಂಟು. ಆದರೆ ಕೊಳೆ ಹಿಡಿದ ಸಾಮಾನ್ಯ ನಿಕಲ್ ಕೂಡ ಹಾಗೇ ಕಾಣುತ್ತದೆ. ಅಂಚನ್ನು ನೆಚ್ಚಿ ರೋಲ್ ಪಕ್ಕಕ್ಕಿಟ್ಟರೆ ಬೆಳ್ಳಿ ಕೈತಪ್ಪುತ್ತದೆ.

ಹಾಗಾಗಿ ಪ್ರತಿ ನಾಣ್ಯವನ್ನೂ ನೋಡಲೇಬೇಕು. ನಾಣ್ಯವೊಂದಕ್ಕೆ 4 ಸೆಕೆಂಡ್ ಹಿಡಿದರೆ ಒಂದು ಬಾಕ್ಸಿಗೆ ಎರಡೂಕಾಲು ಗಂಟೆ.

ಮುಖ ಮೇಲೆ ಮಾಡಿ ಹರಡುವ ಕ್ರಮದಲ್ಲಿ ಮೊದಲ ಲಾಭ ವೇಗ. 2006ರಿಂದ ಈಚಿನ ನಿಕಲ್‌ನಲ್ಲಿ ಜೆಫರ್ಸನ್ ನೇರವಾಗಿ ನಮ್ಮ ಕಡೆ ನೋಡುತ್ತಾನೆ, ಹಿಂದಿನದರಲ್ಲಿ ಪಕ್ಕಮುಖ. ಹಾಗಾಗಿ ರಾಶಿಯ ದೊಡ್ಡ ಪಾಲನ್ನು ವರ್ಷ ಓದದೆಯೇ ಸರಿಸಬಹುದು. ಆದರೆ ಈ ಅವಸರದಲ್ಲಿ 2009 ತಪ್ಪಿಹೋಗುತ್ತದೆ. ಆರ್ಥಿಕ ಹಿಂಜರಿತದಿಂದ ಚಿಲ್ಲರೆಯ ಬೇಡಿಕೆ ಕುಸಿದ ಆ ವರ್ಷ ಫಿಲಡೆಲ್ಫಿಯಾದಲ್ಲಿ ಅಚ್ಚಾದದ್ದು 3,98,40,000, ಡೆನ್ವರ್‌ನಲ್ಲಿ 4,68,00,000 ಮಾತ್ರ. ಈ ಕಾಲದ ಲೆಕ್ಕಕ್ಕೆ ಇದು ತೀರ ಕಡಿಮೆ. ಸವೆದ 2009ಕ್ಕೆ ದೊಡ್ಡ ಬೆಲೆ ಇಲ್ಲ, ಆದರೆ ಆಲ್ಬಮ್ಮಿನಲ್ಲಿ ಕೊನೆಗೆ ಖಾಲಿ ಉಳಿಯುವ ಗುಂಡಿ ಬಹಳ ಸಲ ಇದೇ.

ಬೆನ್ನು ಮೇಲೆ ಮಾಡಿ ಹರಡುವ ಕ್ರಮ ನಿಧಾನ, ಆದರೆ ಬೆಳ್ಳಿ ಬೇಕಾದವರಿಗೆ ಇದೇ ಸರಿ. ಯುದ್ಧಕಾಲದ ನಿಕಲ್‌ನಲ್ಲಿ ಬೆನ್ನಿನ ಮೇಲಿರುವ ಜೆಫರ್ಸನ್‌ನ ಮಾಂಟಿಚೆಲ್ಲೋ ಮನೆಯ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಎಂಬ ಟಂಕಸಾಲೆ ಗುರುತು ಇರುತ್ತದೆ. ಭಾರತದ ನಾಣ್ಯದಲ್ಲಿ ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ ಇದ್ದಂತೆ ಇಲ್ಲಿ ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋಗಳ ಅಕ್ಷರ. ಕೋಲ್ಕತ್ತದ ನಾಣ್ಯಕ್ಕೆ ಗುರುತಿಲ್ಲದ ಹಾಗೆಯೇ ಫಿಲಡೆಲ್ಫಿಯಾದ ನಿಕಲ್‌ಗೂ, ಯುದ್ಧಕಾಲವೊಂದನ್ನು ಬಿಟ್ಟರೆ, 1980ರವರೆಗೆ ಗುರುತಿರಲಿಲ್ಲ. ಎಷ್ಟೇ ಸವೆದಿದ್ದರೂ ಗುಮ್ಮಟದ ಮೇಲಿನ ಅಕ್ಷರ ಒಂದೇ ನೋಟಕ್ಕೆ ಕಣ್ಣಿಗೆ ಬೀಳುತ್ತದೆ.

ಬೆನ್ನಿನ ಕ್ರಮಕ್ಕೆ ಇನ್ನೊಂದು ಲಾಭವಿದೆ. 1964ರವರೆಗೆ ಟಂಕಸಾಲೆ ಗುರುತು ಮನೆಯ ಬಲಕ್ಕೆ, ಅಂಚಿನ ಬಳಿ ಇತ್ತು. 1965ರಿಂದ 1967ರವರೆಗೆ ಯಾವ ಗುರುತೂ ಇಲ್ಲ. 1968ರಲ್ಲಿ ಅದು ಮುಖದ ಕಡೆಗೆ, ವರ್ಷದ ಪಕ್ಕಕ್ಕೆ ಬಂತು. ಆದ್ದರಿಂದ ಬೆನ್ನಿನ ಮೇಲೆ ಡಿ ಕಂಡರೆ ನಾಣ್ಯ 1964ರದ್ದು ಅಥವಾ ಅದಕ್ಕೂ ಹಿಂದಿನದು. ಎಸ್ ಕಂಡರೆ ಇನ್ನೂ ಒಳ್ಳೆಯದು: ಸ್ಯಾನ್ ಫ್ರಾನ್ಸಿಸ್ಕೋ 1954ರ ನಂತರ 1968ರವರೆಗೆ ಎಸ್ ಗುರುತಿನ ನಿಕಲ್ ಅಚ್ಚು ಮಾಡಲೇ ಇಲ್ಲ, ಹಾಗಾಗಿ ಬೆನ್ನಿನ ಎಸ್ ಎಂದರೆ 1954 ಅಥವಾ ಹಿಂದಿನದು. ವರ್ಷ ನೋಡುವ ಮೊದಲೇ ಎತ್ತಿಡಿ. ಅಕ್ಷರವೇ ಇಲ್ಲದ ಬೆನ್ನಿನಿಂದ ಏನೂ ತಿಳಿಯದು, ಅದನ್ನು ಮಗುಚಿ ನೋಡಲೇಬೇಕು.

ನಮ್ಮ ಸಲಹೆ: ಬಾಕ್ಸಾದರೆ ಮುಖ ಮೊದಲು, ಕೈಸುತ್ತಿನ ರೋಲಾದರೆ ಬೆನ್ನು ಮೊದಲು. ಬಾಕ್ಸಿನಲ್ಲಿ ಹೊಸ ನಾಣ್ಯದ ಪಾಲು ದೊಡ್ಡದು, ಅಲ್ಲಿ ವೇಗ ಮುಖ್ಯ. ಕೈಸುತ್ತಿನಲ್ಲಿ ನಾಣ್ಯ ಕಡಿಮೆ, ಹಳೆಯದರ ಸಾಧ್ಯತೆ ಹೆಚ್ಚು.

ಬೇಕಾದ ಸಾಮಾನು ಕಡಿಮೆ. ಓರೆಯಾಗಿ ಬೆಳಕು ಬೀಳುವ ಮೇಜುದೀಪ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, 0.01 ಗ್ರಾಂ ತೋರಿಸುವ ತಕ್ಕಡಿ, ಒಂದು ಅಯಸ್ಕಾಂತ, ಮೇಜಿಗೆ ಹಾಸಲು ದಪ್ಪ ಬಟ್ಟೆ. ಒಂದು ಬಾಕ್ಸ್ ಮುಗಿಯುವಷ್ಟರಲ್ಲಿ ಬೆರಳು ಕರಿ ಹಿಡಿಯುತ್ತದೆ. ನಿಕಲ್ ಲೋಹ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ಬರುತ್ತದೆ, ಅಂಥವರು ತೆಳು ನೈಟ್ರೈಲ್ ಕೈಗವಸು ಹಾಕಿಕೊಳ್ಳಬೇಕು.

ಏನನ್ನು ಉಳಿಸಿಕೊಳ್ಳಬೇಕು

ಹೊಸಬರು 1964ರದ್ದನ್ನೆಲ್ಲ ಎತ್ತಿಡುತ್ತಾರೆ. ಬೇಡ. ಆ ವರ್ಷದ್ದು ಫಿಲಡೆಲ್ಫಿಯಾದಿಂದ ನೂರು ಕೋಟಿಗೂ ಮೇಲೆ, ಡೆನ್ವರ್‌ನಿಂದ 178 ಕೋಟಿ ಬಂದಿವೆ. ಹಳೆಯ ನಿಕಲ್‌ಗಳಲ್ಲಿ ಇದೇ ತೀರ ಸಾಮಾನ್ಯ. 1964ರಲ್ಲಿ ಬೆಳ್ಳಿ ಇತ್ತೆಂಬ ಮಾತು ಡೈಮ್, ಕ್ವಾರ್ಟರ್, ಅರ್ಧ ಡಾಲರಿಗೆ ಸಲ್ಲುತ್ತದೆ, ನಿಕಲ್‌ಗಲ್ಲ. 1959 ಮತ್ತು ಹಿಂದಿನದು ಎಂಬ ಗೆರೆ ಹಾಕಿಕೊಂಡರೆ ಡಬ್ಬಿ ಬೇಗ ತುಂಬುವುದಿಲ್ಲ.

ಬೆಳ್ಳಿ ನಿಕಲ್‌ನ ಕಾಲ 1942ರ ಅಕ್ಟೋಬರಿನಿಂದ 1945ರ ಕೊನೆಯವರೆಗೆ. ಯುದ್ಧಸಾಮಗ್ರಿಗೆ ನಿಕಲ್ ಲೋಹ ಬೇಕಾಗಿದ್ದರಿಂದ ಅದನ್ನು ಪೂರ್ತಿ ಬಿಟ್ಟು ಶೇ 56 ತಾಮ್ರ, 35 ಬೆಳ್ಳಿ, 9 ಮ್ಯಾಂಗನೀಸ್ ಬೆರೆಸಿದರು. 1942ರದ್ದರಲ್ಲಿ ಎರಡೂ ಬಗೆ ಇವೆ, ಗುಮ್ಮಟದ ಮೇಲೆ ಅಕ್ಷರ ಇದ್ದರೆ ಮಾತ್ರ ಬೆಳ್ಳಿ. ಎಲ್ಲ ಸೇರಿ ಹನ್ನೊಂದು ನಾಣ್ಯದ ಪುಟ್ಟ ಸರಣಿ ಇದು, ಚಲಾವಣೆಯಿಂದಲೇ ಪೂರ್ತಿ ಮಾಡಬಹುದು. ಈ ಮಿಶ್ರಲೋಹ ಸುಲಭವಾಗಿ ಕಪ್ಪಾಗುತ್ತದೆ, ಹಸುರು ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆಲವದರ ಮೇಲ್ಪದರ ಸಿಪ್ಪೆಯಂತೆ ಏಳುತ್ತದೆ. ಒಂದರಲ್ಲಿರುವ ಬೆಳ್ಳಿ 0.0563 ಟ್ರಾಯ್ ಔನ್ಸ್. ಅಂದಿನ ಬೆಳ್ಳಿ ದರವನ್ನು ಇದರಿಂದ ಗುಣಿಸಿ. ಔನ್ಸಿಗೆ 30 ಡಾಲರ್ ಇದ್ದರೆ ಒಂದು ನಾಣ್ಯದಲ್ಲಿ ಸುಮಾರು 1.69 ಡಾಲರಿನ ಬೆಳ್ಳಿ. ವರ್ತಕರು ಅದಕ್ಕಿಂತ ಕಡಿಮೆ ಕೊಡುತ್ತಾರೆ, ಏಕೆಂದರೆ ಶೇ 35ರ ಬೆಳ್ಳಿಯನ್ನು ಬೇರ್ಪಡಿಸುವುದು ದುಬಾರಿ.

1944ರ ನಾಣ್ಯದಲ್ಲಿ ಗುಮ್ಮಟದ ಮೇಲೆ ಅಕ್ಷರವೇ ಇಲ್ಲದಿದ್ದರೆ ತಕ್ಷಣ ತೂಗಿ. 1950ರ ದಶಕದಲ್ಲಿ ನ್ಯೂಜೆರ್ಸಿಯ ಫ್ರಾನ್ಸಿಸ್ ಹೆನಿಂಗ್ ಮಾಡಿದ ಖೋಟಾ ನಾಣ್ಯ ಅದಾಗಿರಬಹುದು. ಆತ ಪಿ ಗುರುತನ್ನು ಮರೆತಿದ್ದ. ನಾಣ್ಯದ ತೂಕವೂ 5ರ ಬದಲು 5.4 ಗ್ರಾಂ ಹತ್ತಿರ ಬರುತ್ತದೆ.

ಉಳಿದ ಜೆಫರ್ಸನ್‌ಗಳಲ್ಲಿ 1939ರ ಡಿ (35,14,000), 1938ರ ಎಸ್ (41,05,000) ಮತ್ತು ಡಿ (53,76,000), 1951ರ ಎಸ್ (77,76,000), ಗುರುತಿಲ್ಲದ 1955 (78,88,000) ಸಿಕ್ಕರೆ ಜೋಪಾನ. ಎಲ್ಲಕ್ಕಿಂತ ಕಡಿಮೆ ಅಚ್ಚಾದದ್ದು 1950ರ ಡಿ: 26,30,030. ಆದರೆ ಅದರ ಕಥೆ ಬೇರೆ. ಸಂಖ್ಯೆ ಕಡಿಮೆ ಎಂಬ ಸುದ್ದಿ ಆಗಲೇ ಹಬ್ಬಿ, ಜನ ರೋಲ್‌ಗಟ್ಟಲೆ ಹೊಸದಾಗಿಯೇ ಎತ್ತಿಟ್ಟರು. ಅಂಗಡಿಯಲ್ಲಿ ಹೊಳೆಯುವ 1950ರ ಡಿ ಸುಲಭವಾಗಿ ಸಿಗುತ್ತದೆ, ರೋಲಿನಲ್ಲಿ ಸವೆದದ್ದು ಸಿಗುವುದೇ ಕಷ್ಟ. ಬೆಲೆಯೂ ಸಂಖ್ಯೆ ನೋಡಿ ಊಹಿಸುವಷ್ಟು ಇಲ್ಲ. ಆದರೂ ಬಾಕ್ಸಿನಲ್ಲಿ ಇದನ್ನು ಕಂಡುಹಿಡಿದವರ ಸಂತೋಷಕ್ಕೆ ಬೆಲೆಪಟ್ಟಿ ಅಳತೆಯಲ್ಲ.

ಭೂತಗನ್ನಡಿ ಬೇಕಾಗುವ ಕೆಲವಿವೆ: ಮಾಂಟಿಚೆಲ್ಲೋ ಹೆಸರು ಎರಡೆರಡು ಸಲ ಮೂಡಿದ 1939, ಡಿ ಮೇಲೆ ಎಸ್ ಒತ್ತಿದ 1954, ಬೆನ್ನಿನ ಮೇಲಿನ ಕಾಡೆಮ್ಮೆಯ ಮೈಗೆ ಭರ್ಜಿ ಚುಚ್ಚಿದಂತೆ ಗೀರು ಬಿದ್ದ 2005ರ ಡಿ. ಮುಖದ ಮೇಲೆ ಎಸ್ ಇರುವ 1971 ಅಥವಾ ಈಚಿನ ನಿಕಲ್ ಸಿಕ್ಕರೆ, ಸಂಗ್ರಾಹಕರ ಪೆಟ್ಟಿಗೆ ಒಡೆದು ಖರ್ಚು ಮಾಡಿದ ಪ್ರೂಫ್ ನಾಣ್ಯ (ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚು ಮಾಡಿದ್ದು) ಅದು. 1968ರಿಂದ 1970ರವರೆಗಿನ ಎಸ್ ಚಲಾವಣೆಗೂ ಬಂದಿತ್ತು, ಅದರಲ್ಲಿ ವಿಶೇಷವಿಲ್ಲ.

ಬಫಲೋ ನಿಕಲ್ 1913ರಿಂದ 1938ರವರೆಗಿನದು. ವರ್ಷವನ್ನು ಮುಖದ ಕಡೆ ಇರುವ ಮೂಲನಿವಾಸಿಯ ಭುಜದ ಉಬ್ಬಿನ ಮೇಲೆ ಬರೆದಿದ್ದರಿಂದ ಮೊದಲು ಸವೆಯುವುದೇ ಅದು. ರೋಲಿನಲ್ಲಿ ಸಿಗುವ ಬಹುಪಾಲು ಬಫಲೋಗಳಲ್ಲಿ ವರ್ಷ ಕಾಣುವುದಿಲ್ಲ. ಫೆರಿಕ್ ಕ್ಲೋರೈಡ್ ದ್ರಾವಣದ ಒಂದು ಹನಿ ಹಾಕಿದರೆ ವರ್ಷ ಮಸುಕಾಗಿ ಮೂಡುತ್ತದೆ. ಆದರೆ ಅಲ್ಲೊಂದು ಒರಟು ಕಲೆ ಶಾಶ್ವತವಾಗಿ ಉಳಿದು, ಸಂಗ್ರಾಹಕರ ಕಣ್ಣಿಗೆ ನಾಣ್ಯ ಹಾಳಾದಂತೆ. ಆಲ್ಬಮ್ಮಿನ ಗುಂಡಿಗೆ ಸಾಕೆನ್ನುವವರು ಮಾಡಬಹುದು, ಮಾರುವವರು ಮಾಡಬಾರದು. ಬೇರೆ ಯಾವ ನಾಣ್ಯಕ್ಕೂ ಹುಣಸೆಹಣ್ಣು, ಪೀತಾಂಬರಿ ಪುಡಿ, ಟೂತ್‌ಪೇಸ್ಟ್ ಮುಟ್ಟಿಸಬೇಡಿ. ಬೆಳ್ಳಿ ನಿಕಲ್‌ನ ಕಪ್ಪನ್ನೂ ಹಾಗೇ ಬಿಡಿ.

ಇಡುವುದಕ್ಕೆ ರಟ್ಟಿನ ಆಲ್ಬಂ ಸಾಕು. ಬಿಡಿಯಾಗಿ ಇಡುವುದಾದರೆ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕ ಕೊಳ್ಳಿ. ಮೆತ್ತನೆಯ ಪಿವಿಸಿ ಲಕೋಟೆ ವರ್ಷಗಳು ಕಳೆದಂತೆ ಹಸಿರು ಜಿಗುಟು ಬಿಟ್ಟು ನಾಣ್ಯ ತಿನ್ನುತ್ತದೆ.

ಬೇರೆ ನಾಣ್ಯಗಳ ಜೊತೆ ಇಟ್ಟರೆ

ಒಂದು ಸೆಂಟಿನ ಬಾಕ್ಸ್ ಅಗ್ಗ, 25 ಡಾಲರಿಗೆ 2500 ನಾಣ್ಯ. 1958ರವರೆಗಿನ ಗೋಧಿತೆನೆಯ ಸೆಂಟ್ ಸಿಗುತ್ತದೆ, ಮಕ್ಕಳಿಗೆ ಕಲಿಸಲು ಒಳ್ಳೆಯದು, ಬೆಳ್ಳಿಯಿಲ್ಲ. ಡೈಮ್‌ಗೆ 250 ಡಾಲರ್ ಕಟ್ಟಬೇಕು, ಅಂಚು ನೋಡಿ ಬೇಗ ಮುಗಿಸಬಹುದು, ಆದರೆ ಬೆಳ್ಳಿ ಅಪರೂಪ. ಅರ್ಧ ಡಾಲರಿನ ಬಾಕ್ಸಿಗೆ 500 ಡಾಲರ್, 1000 ನಾಣ್ಯ. 1964ರದ್ದು ಶೇ 90, 1965ರಿಂದ 1970ರವರೆಗಿನದು ಶೇ 40 ಬೆಳ್ಳಿ, ಸಿಕ್ಕರೆ ದೊಡ್ಡ ಬೇಟೆ. ಆದರೆ ಅಂಗಡಿಯಲ್ಲಿ ಯಾರೂ ಬಳಸದ ಆ ನಾಣ್ಯದ ಬಾಕ್ಸ್ ತರಿಸುವವರಲ್ಲಿ ಹುಡುಕಾಟಗಾರರೇ ಹೆಚ್ಚು, ಒಬ್ಬರು ಜಾಲಾಡಿದ್ದೇ ಇನ್ನೊಬ್ಬರ ಕೈಗೆ ಬರುತ್ತದೆ. 100 ಡಾಲರಿಗೆ ಎಂಬತ್ತು ವರ್ಷದ ನಾಣ್ಯಚರಿತ್ರೆ ಬರುವುದು ನಿಕಲ್‌ನಲ್ಲಿ ಮಾತ್ರ.

ವಾಪಸು ಕೊಡುವುದು

ಉಳಿದ ನಾಣ್ಯವನ್ನು ತಂದ ಶಾಖೆಗೇ ಒಯ್ಯಬೇಡಿ. ಸಿಬ್ಬಂದಿಗೆ ಎರಡು ಸಲ ಹೊರೆ, ಮುಂದಿನ ಆರ್ಡರಿಗೆ ಅವರು ಮುಖ ಸಿಂಡರಿಸುತ್ತಾರೆ. ಒಂದು ಬ್ಯಾಂಕಿನಿಂದ ತಂದು, ಖಾತೆದಾರರಿಗೆ ಉಚಿತವಾಗಿ ಎಣಿಸುವ ಯಂತ್ರ ಇರುವ ಇನ್ನೊಂದು ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್ನಿಗೆ ಹಾಕುವುದು ರೂಢಿ. ಎರಡಕ್ಕೂ ಸಾಗಣೆ ಕಂಪನಿ ಬೇರೆಬೇರೆಯಾದರೆ ನಿಮ್ಮದೇ ನಾಣ್ಯ ತಿರುಗಿ ನಿಮಗೇ ಬರುವ ಸಂಭವ ಕಡಿಮೆ. ಅಂಗಡಿಗಳಲ್ಲಿರುವ ಚಿಲ್ಲರೆ ಯಂತ್ರಗಳು ನಗದು ಕೊಟ್ಟರೆ ಶುಲ್ಕ ಕತ್ತರಿಸುತ್ತವೆ, ಅಲ್ಲಿಗೆ ಹೋಗಬೇಡಿ. ಸಾಮಾನ್ಯ ನಾಣ್ಯಗಳ ಜೊತೆ ಕೆನಡಾದ್ದನ್ನು ಸೇರಿಸಿ ಸುತ್ತುವುದೂ ಸರಿಯಲ್ಲ. ಬೇರೆ ಇಟ್ಟು ಆ ಕಡೆ ಹೋಗುವವರಿಗೆ ಕೊಡಿ.

ಕೊನೆಗೆ ಕಾನೂನು. ಒಂದು ಸೆಂಟ್ ಮತ್ತು ಐದು ಸೆಂಟಿನ ನಾಣ್ಯ ಕರಗಿಸುವುದನ್ನು, ದೊಡ್ಡ ಪ್ರಮಾಣದಲ್ಲಿ ದೇಶದ ಹೊರಗೆ ಒಯ್ಯುವುದನ್ನು ಅಮೆರಿಕ ಸರ್ಕಾರ 2006ರ ಡಿಸೆಂಬರಿನಿಂದ ನಿಷೇಧಿಸಿದೆ. ಯುದ್ಧಕಾಲದ ಬೆಳ್ಳಿ ನಿಕಲ್‌ಗೆ ಈ ನಿಷೇಧವಿಲ್ಲ. ರಜೆಗೆ ಬೆಂಗಳೂರಿಗೋ ಮೈಸೂರಿಗೋ ಹೊರಟವರು ಊರಿನ ಮಕ್ಕಳಿಗೆಂದು ಒಂದಿಷ್ಟು ನಿಕಲ್ ಒಯ್ಯುವುದಿದ್ದರೆ, ಮೈಮೇಲೆ ಅಥವಾ ಸಾಮಾನಿನಲ್ಲಿ ಸೆಂಟ್ ಮತ್ತು ನಿಕಲ್ ಸೇರಿ 5 ಡಾಲರ್ ಮುಖಬೆಲೆಯವರೆಗೆ ತಕರಾರಿಲ್ಲ. ಸಂಗ್ರಹಕ್ಕೋ ಮನರಂಜನೆಗೋ ಎಂಬುದು ಸ್ಪಷ್ಟವಿದ್ದರೆ 25 ಡಾಲರ್‌ವರೆಗೆ ಒಪ್ಪಿಗೆ ಇದೆ. ಆಲ್ಬಮ್ಮಿನಲ್ಲಿ ಜೋಡಿಸಿಯೇ ಒಯ್ದರೆ ಆ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ.